ಟಿಕೋಟಾ ದಾಟದ ಟಂಟಂ

ಪರೀಕ್ಷಾ ಹತ್ರ ಬಂತಂದ್ರ ನಮ್ಮನ್ಯಾಗ ತಾಸಿಗೊಬ್ಬರು ಬಂದು "ಓದಾಕತ್ತೀಯೇನು?" ಅಂತ ಕೇಳಿ ಓದು ಕೆಡಸ್ತಾರ. ಅದಕ್ಕ ಕೊನೀ ಸೆಮಿಸ್ಟರ್ ನಾ ಓದಿದ್ದು ಟಿಕೋಟಾ ಸ್ಟ್ಯಾಂಡಿನ್ಯಾಗ, ವಿಜಯಪುರಕ್ಕ ಹೋಗೂ ಟಂಟಮ್ಮಿನೊಳಗ, ಅಂದ್ರ ಸೀಟು ತುಂಬೂತನಕ ಬಿಡದ ಶೇರ್ ಆಟೋದಾಗ.

"ಖಾಲಿ ಗಾಡಿ ಯಾರೂ ಹತ್ತೂದಿಲ್ಲೋ, ನೀ ಕುಂತು ಓದು" ಅಂತ ಡ್ರೈವರ್ ಕಾಕಾ ತಾನ ಚಾ ಕುಡಿಸಿ ಕೂಡಸ್ತಿದ್ದ. ಯಾರರ "ಯಾವಾಗ ಬಿಡ್ತಾನ?" ಅಂತ ಕೇಳಿದ್ರ, ತಲಿ ಎತ್ತದ "ಇನ್ನೇನ ಬಿಟ್ಟಂಗ ನೋಡ್ರಿ" ಅಂತಿದ್ದೆ. ಮಂದಿ ತುಂಬಿದ ಮ್ಯಾಲೆ ಇಳಿದು ಹಿಂದಿನ ಗಾಡಿ ಹತ್ತತಿದ್ದೆ. ಹಿಂಗ ಇಡೀ ಸಿಲಬಸ್ ಮುಗೀತು, ಟಿಕೋಟಾ ಮಾತ್ರ ದಾಟಲಿಲ್ಲ.

ಪರೀಕ್ಷಾ ದಿನ ಖರೇನ ವಿಜಯಪುರಕ್ಕ ಹೋಗಬೇಕಿತ್ತು. ಒಂದು ಟಂಟಮ್ಮಿನ್ಯಾಗ ಒಂದ ಸೀಟು ಉಳಿದಿತ್ತು. ಓಡಿ ಹತ್ತಿದೆ. ಗಾಡಿ ಅಲ್ಲಾಡಲಿಲ್ಲ. ಸುತ್ತ ನೋಡಿದ್ರ ಎಲ್ಲಾರ ಕೈಯಾಗೂ ಪುಸ್ತಕ.

"ಲೇ, ಯಾವಾಗ ಬಿಡ್ತಾನ?" ಅಂತ ಬಾಜೂ ಕುಂತಾಂವನ್ನ ಕೇಳಿದೆ.

ಅಂವ ತಲಿ ಎತ್ತಲಿಲ್ಲ. "ಇನ್ನೇನ ಬಿಟ್ಟಂಗ ನೋಡ್ರಿ" ಅಂದ.