ಅಕ್ಕ ಬಾವಿಯಿಂದ ತಂದ ಪಾಟ್ಲಿ

ಮೊನ್ನೆ ಬೀದರಿನಲ್ಲಿ ಅಕ್ಕನ ಮನೆಯಲ್ಲಿ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದೆ. ಅವಳ ಮೊಮ್ಮಗಳು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಹುಡುಗಿ ಮಾಲ್ಟಾ ಎಂಬ ದ್ವೀಪದಲ್ಲಿ ನರ್ಸು. ರಜೆಯ ದಿನ ಸುಮ್ಮನೆ ಮಲಗುವುದು ಬಿಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುತ್ತಾಳೆ. ಮುಳುಗು ಕಲಿಸುವವರ ಮೊದಲ ಪರೀಕ್ಷೆ ಮುಗಿದು ಈಗ ಮೇಲಿನ ತರಗತಿಯಂತೆ. ನೀರೊಳಗೆ ದೊಡ್ಡ ಬಂಡೆಗಳು, ಸಂದಿಯಲ್ಲಿ ಮೀನು, ಇವಳ ಬಾಯಿಂದ ಗುಳ್ಳೆ. ಅಕ್ಕ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ನನಗೋ ಹಳೆಯ ಸಿಟ್ಟು ಎದ್ದು ಕೂತಿತು.

ಯಾಕೆಂದರೆ ಈ ವಿದ್ಯೆ ನಮ್ಮ ಮನೆಗೆ ಹೊಸದಲ್ಲ ನೋಡಿ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ನಮ್ಮ ಹೊಲದ ಬಾವಿಯೂ ಬಂಡೆಯದೇ. ಕರಿಕಲ್ಲು ಕಡಿದು ತೋಡಿದ್ದು, ಒಳಗೆಲ್ಲ ಪೊಟರೆ. ಅಪ್ಪ ನಮ್ಮಿಬ್ಬರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ. ಒಂದು ದಿನ ಹೇಳದೆ ಕೇಳದೆ ಬುರುಡೆ ಬಿಚ್ಚಿಬಿಡುವುದು ಅವನ ಪದ್ಧತಿ. ನಾನು ಅರ್ಧ ಬಾವಿ ಕುಡಿದು ಊರಿಗೆಲ್ಲ ಕೇಳುವಂತೆ ಅತ್ತೆ. ಅಕ್ಕ ಮಾತ್ರ ತಳಕ್ಕೆ ಹೋಗಿ ಒಂದು ಹಿಡಿ ಕೆಸರು ತಂದು ತೋರಿಸಿದಳು. ಮುಂದೆ ಯಾರ ಕೊಡ ಬಿದ್ದರೂ ಊರವರು ಕೊಕ್ಕೆಯ ಪಾತಾಳಗರಡಿ ಹುಡುಕಲಿಲ್ಲ, ಅಕ್ಕನನ್ನೇ ಕರೆದರು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ಚಳಿಗಾಲ. ಅಕ್ಕನಿಗೆ ಬೀದರಿನ ಸಂಬಂಧ ಬಂದಿತ್ತು. ವರ ಕಚೇರಿಯಲ್ಲಿ ನೌಕರ. ಅವಳಿಗದು ಬೇಡವಾಗಿತ್ತು. "ಅವರ ಮನ್ಯಾಗ ಹೆಣ್ಮಕ್ಕಳು ಅಂಗಳಕ್ಕ ಬರಬೇಕಂದ್ರೂ ಕೇಳಬೇಕಂತ. ನಾ ಹ್ಯಾಂಗ ಇರ್ಲಿ?" ಎಂದು ರಾತ್ರಿ ಹಾಸಿಗೆಯಲ್ಲಿ ನನ್ನ ಮುಂದೆ ಅತ್ತಿದ್ದಳು. ಅಪ್ಪ ಅವಳನ್ನು ಒಂದು ಮಾತೂ ಕೇಳದೆ, ಸೀತನಿ ತಿನ್ನಲು ಬನ್ನಿ ಎಂದು ವರನ ಮನೆಯವರನ್ನು ಹೊಲಕ್ಕೆ ಕರೆದ.

ಹಸಿ ಜೋಳದ ತೆನೆ ಸುಡುತ್ತ ಗಂಡಸರು ರಾಜ್ಯದ ಮಾತಾಡಿದರು. "ಇನ್ನ ಕಚೇರ್ಯಾಗ ಕನ್ನಡಾ ನಡೀತದರಿ. ನಮ್ಮ ಮಾತ ಕೇಳೋರು ಬಂದಾರ" ಎಂದ ಅಪ್ಪ. ಮಗಳ ಮಾತು ಕೇಳುವ ಕಚೇರಿ ಮಾತ್ರ ಇನ್ನೂ ತೆರೆದಿರಲಿಲ್ಲ.

ಅಷ್ಟರಲ್ಲಿ ಬಾವಿಯ ಕಟ್ಟೆಯ ಮೇಲೆ ಕೈ ತೊಳೆಯುತ್ತಿದ್ದ ವರನ ತಾಯಿಯ ಸಡಿಲ ಪಾಟ್ಲಿ, ಬಂಗಾರದ ಬಳೆ, ಜಾರಿ ನೀರಿಗೆ ಬಿತ್ತು. ಆಕೆ ಎದೆ ಹಿಡಿದು ಕೂತರು. ಅಪ್ಪ ಎದ್ದು ನಿಂತ. "ಚಿಂತಿ ಮಾಡಬ್ಯಾಡ್ರಿ. ನಮ್ಮ ಹುಡುಗಿ ತರ್ತಾಳ ನೋಡ್ರಿ."

ಹೆಣ್ಣು ನೋಡಲು ಬಂದವರೆದುರು ಹೆಣ್ಣನ್ನೇ ಬಾವಿಗೆ ಇಳಿಸುವ ಬುದ್ಧಿ ಅವನೊಬ್ಬನಿಗೇ ಹೊಳೆಯಬೇಕು. ಅಕ್ಕ ಸೀರೆಗೆ ಕಚ್ಚೆ ಬಿಗಿದು ಮುಳುಗಿದಳು. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಎದ್ದು, "ಸಿಗವಲ್ದರಿ" ಎಂದಳು. ಅಪ್ಪ ಕಟ್ಟೆಯಿಂದ ಬಗ್ಗಿ ಅವಳನ್ನೇ ನೋಡಿದ. ಅವಳು ಮತ್ತೆ ಮುಳುಗಿದಳು. ಈ ಸಲ ಪಾಟ್ಲಿ ಹಿಡಿದೇ ಬಂದಳು.

ವರನ ತಾಯಿ ಪಾಟ್ಲಿ ಒರೆಸಿ ಕೈಗೇರಿಸಿಕೊಂಡು ಹೇಳಿದರು: "ಹುಡುಗಿ ಧೈರ್ಯದಾಕಿ ಇದ್ದಾಳ. ಆದರ ನಮ್ಮ ಮನಿಗಿ ಬಂದ ಮ್ಯಾಲ ಇದೆಲ್ಲ ನಡ್ಯಾಂಗಿಲ್ಲರಿ."

"ಆಯ್ತರಿ" ಎಂದ ಅಪ್ಪ. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತವಳ ಕಡೆ ಯಾರೂ ತಿರುಗಲಿಲ್ಲ.

ಕೊಟ್ಟಿದ್ದು ಹಿತ್ತಲಲ್ಲಿ ಬಾವಿ ಇದ್ದ ಮನೆಗೇ. ಅಕ್ಕ ಅದರಿಂದ ನೀರು ಸೇದಿ ಸೇದಿ ಮುದುಕಿಯಾದಳು, ಒಂದು ದಿನವೂ ಇಳಿಯಲಿಲ್ಲ. ನಳ ಬಂದ ಮೇಲೆ ಬಾವಿಗೆ ಚಪ್ಪಡಿ ಹೊದಿಸಿದರು. ನಾನು ಎಲ್ಲರನ್ನೂ ಬೈದೆ, ಅಪ್ಪನೊಬ್ಬನನ್ನು ಬಿಟ್ಟು. ಹೆಣ್ಣುಮಕ್ಕಳಿಗೆ ಈಜು ಕಲಿಸಿದ ದೊಡ್ಡ ಮನುಷ್ಯ ಎಂದು ಸಿಕ್ಕಸಿಕ್ಕವರ ಮುಂದೆ ಹೊಗಳಿದೆ.

ಮೊನ್ನೆ ವಿಡಿಯೋ ಮುಗಿದ ಮೇಲೆ ಅಕ್ಕ ತಣ್ಣಗೆ ಹೇಳಿದಳು. "ಅವತ್ತ ಮೊದಲನೇ ಸಲಕ್ಕೇ ಪಾಟ್ಲಿ ಸಿಕ್ಕಿತ್ತವಾ. ಪೊಟರ್‍ಯಾಗ ಮುಚ್ಚಿಟ್ಟು ಬಂದಿದ್ದೆ. ಅವರು ಸಿಟ್ಟಾಗಿ ಹೋಗಿಬಿಡ್ಲಿ, ಸಂಬಂಧ ಮುರೀಲಿ ಅಂತ."

"ಮತ್ತ ಯಾಕ ತಂದಿ?"

"ಅಪ್ಪನ ಮಾರಿ ಸಣ್ಣದಾಗಿತ್ತು."

ಇಷ್ಟು ವರ್ಷ ಅಪ್ಪನನ್ನು ಹೊಗಳಿದ ನಾಲಿಗೆ ಕಹಿಯಾಯಿತು. ಆ ಮುಖ ಅವನು ಒಂದು ಗಳಿಗೆ ಆ ಕಡೆ ತಿರುಗಿಸಿಕೊಂಡಿದ್ದರೆ ಸಾಕಿತ್ತು.

ಮೊಮ್ಮಗಳಿಗೆ ಏನಾದರೂ ಬರೆಯಲೇ ಎಂದು ಕೇಳಿದೆ.

"ಬರಿ" ಎಂದಳು ಅಕ್ಕ. "ನೀರಾಗಿಂದ ಎದ್ದಾಗ ಮ್ಯಾಲ ನಿಂತವರ ಮಾರಿ ನೋಡಬ್ಯಾಡ ಅಂತ ಬರಿ."