ಎರಡು ಕಾಲಾಳುಗಳ ಆರಂಭ

ಗೋಳಿಬಜೆ ಕರಿಯುವ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರುತ್ತದೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಕಕ್ಕಿಂಜೆಯಲ್ಲಿ ಸಂಜೀವ ಮಾವನ ಹೋಟೆಲಿತ್ತು, ಅದರ ಹಿಂದಿನ ಕೋಣೆಗಳೇ ನಮ್ಮ ಮನೆ. ಅಮ್ಮನ ಅಣ್ಣ ಅವರು. ಅಪ್ಪ ದುಬೈಯಲ್ಲಿದ್ದ ವರ್ಷಗಳಲ್ಲಿ ನನ್ನನ್ನು ಸಾಕಿದವರು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ, ಸಂಜೆಯ ಗೋಳಿಬಜೆಗೆ ಹಿಟ್ಟು ಕಲಸಿಟ್ಟು, ಕೈ ಒರೆಸಿಕೊಂಡು ಚೆಸ್ ಬೋರ್ಡು ಬಿಡಿಸುತ್ತಿದ್ದರು. ಎಣ್ಣೆಗೈ ತಾಗಿ ತಾಗಿ ಬಿಳಿ ಕಾಯಿಗಳೆಲ್ಲ ಹಳದಿಯಾಗಿದ್ದವು. ಲಾರಿ ಡ್ರೈವರುಗಳು ಅವರೆದುರು ಒಂದಾಟ ಸೋತೇ ಚಾರ್ಮಾಡಿ ಘಾಟಿ ಹತ್ತುತ್ತಿದ್ದರು. ಮಾವನ ಆರಂಭ ಒಂದೇ: ಮೊದಲ ಸರದಿಯಲ್ಲೇ ರಾಜನ ಮುಂದಿನ ಮತ್ತು ಮಂತ್ರಿಯ ಮುಂದಿನ ಕಾಲಾಳುಗಳನ್ನು, ಎರಡೂ ಕೈಯಿಂದ, ಒಂದೊಂದು ಮನೆ ಮುಂದಿಡುವುದು. "ಬಾಗಿಲು ಎರಡೂ ಒಟ್ಟಿಗೆ ತೆರೀಬೇಕು ಮಗಾ, ಆಗ ಗಾಳಿ ಬರ್ತದೆ" ಎನ್ನುತ್ತಿದ್ದರು. ನಮ್ಮ ಕಡೆ ಎಲ್ಲರೂ ಆಡುತ್ತಿದ್ದದ್ದು ಹಾಗೆಯೇ. ಶಾಲೆಯಲ್ಲಿ ನಾನು ಎಲ್ಲರನ್ನೂ ಸೋಲಿಸಿದ್ದೂ ಹಾಗೆಯೇ.

ಏಳನೇ ಕ್ಲಾಸಿನಲ್ಲಿದ್ದಾಗ ಮೂಡುಬಿದಿರೆಯಲ್ಲಿ ಸ್ಪರ್ಧೆ. ಗೆದ್ದರೆ ಜಿಲ್ಲಾ ತಂಡ. ಎಂದೂ ಹೋಟೆಲು ಮುಚ್ಚದ ಮಾವ ಆವತ್ತು ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ನನ್ನನ್ನು ಕರೆದೊಯ್ದರು. ನನಗೆ ಬಿಳಿ ಕಾಯಿ ಬಂತು. ಎರಡೂ ಕೈ ಚಾಚಿ ಎರಡು ಕಾಲಾಳುಗಳನ್ನು ಒಟ್ಟಿಗೆ ಮುಂದಿಟ್ಟೆ. ಎದುರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತೀರ್ಪುಗಾರರು ಬಂದು ಒಂದನ್ನು ಹಿಂದಿಟ್ಟರು. "ಒಂದು ಸರದಿಗೆ ಒಂದೇ ಕಾಯಿ. ನಿನಗೆ ಇದನ್ನು ಯಾರು ಹೇಳಿಕೊಟ್ಟದ್ದು?"

ಮಾವ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಿದ್ದರು. ಅದು ನನಗೆ ಗೊತ್ತಿತ್ತು. "ಯಾರೂ ಇಲ್ಲ ಸರ್. ನಮ್ಮ ಮನೆಯಲ್ಲಿ ಯಾರಿಗೂ ಚೆಸ್ ಬರುವುದಿಲ್ಲ" ಎಂದೆ. ಆ ಆರಂಭವೊಂದನ್ನೇ ನಂಬಿದ್ದವಳಿಗೆ ಮುಂದೆ ಕೈ ಓಡಲಿಲ್ಲ. ಅರ್ಧ ಗಂಟೆಯೊಳಗೆ ಸೋತೆ. ಬಸ್ಸಿನಲ್ಲಿ ಮಾವ, "ಅಲ್ಲಿಯ ಕ್ರಮ ಬೇರೆ ಉಂಟು ಅಂತ ನನಗೆ ಗೊತ್ತಿರಲಿಲ್ಲ" ಎಂದರು, ಅಷ್ಟೆ. ಕ್ಷಮೆ ಕೇಳಬೇಕಾದವಳು ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಮರುದಿನ ಪರಿಚಯದ ಡ್ರೈವರೊಬ್ಬ, "ಒಂದಾಟ ಆಡುವ ಸಂಜೀವಣ್ಣ" ಎಂದ. "ನನಗೆ ಆಟ ಬರುವುದಿಲ್ಲ ಮಾರಾಯ" ಎಂದು ಮಾವ ಚಹಾ ಸೋಸುತ್ತಲೇ ಇದ್ದರು. ಅವನು ತಮಾಷೆಯೆಂದುಕೊಂಡು ನಕ್ಕ. ಮಾತಿಗೆ ಬರವಿಲ್ಲದ ನಾನು ಒಳಗಿದ್ದೆ, ಹೊರಗೆ ಬರಲಿಲ್ಲ. ಆಮೇಲೆ ಆ ಬೋರ್ಡು ಬಿಡಿಸಿದ್ದನ್ನು ಯಾರೂ ಕಾಣಲಿಲ್ಲ.

ಹೋಟೆಲಿದ್ದ ಜಾಗವನ್ನು ಈಗ ರಸ್ತೆ ನುಂಗಿದೆ. ಸತ್ತವರ ಮನೆಯ ಮಾತು ನಿಮಗೆ ಗೊತ್ತಲ್ಲ. ಮಾವ ತೀರಿಕೊಂಡಾಗಲೂ ಬಂದವರೆಲ್ಲ ಅವರ ಚಹಾವನ್ನು, ಉಪಕಾರವನ್ನು ನೆನೆದರು. ಅವರ ಮಗಳು, ಆ ಸ್ಪರ್ಧೆಯ ವರ್ಷ ತೊಟ್ಟಿಲಲ್ಲಿದ್ದವಳು, ನನ್ನ ಪಕ್ಕದಲ್ಲಿದ್ದಳು. ಮಾವನ ಚೆಸ್ ಅಂದರೆ ಚೆಸ್ ಎಂದು ನಾನು ಮೆಲ್ಲಗೆ ಮಾತೆತ್ತಿದೆ.

"ಅಪ್ಪನಿಗೆ ಚೆಸ್ ಬರ್ತಿರ್ಲಿಲ್ಲ ಅಕ್ಕ" ಎಂದಳು. "ಅವರೇ ಹೇಳ್ತಿದ್ದರು."