ನಾಲ್ಕಕ್ಕೂ ಆಮೆನ್

ನನ್ನ ತಂಗಿ ಗಂಡ ನಲ್ಲಿ ರಿಪೇರಿ ಮಾಡುವವನು. ಊರವರ ನಲ್ಲಿಯನ್ನೆಲ್ಲ ಸರಿಮಾಡಿ ಬರುವ ಈ ಮಹಾಶಯನ ಅಡುಗೆಮನೆಯಲ್ಲಿ ಮಾತ್ರ ನಲ್ಲಿ ಸೋರುತ್ತಲೇ ಇತ್ತು. ಕೆಳಗೊಂದು ಬಕೆಟ್ಟು. "ಒಂದು ವಾಷರ್ ಹಾಕ್ರೀ" ಅಂದರೆ, "ಲೋಕವೇ ಮುಗೀತಾ ಇದೆ, ವಾಷರ್ ಹಾಕಿ ಏನ್ಮಾಡೋದು?" ಅನ್ನುತ್ತಿದ್ದ. ಸೋಮಾರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ!

ಲೋಕಾಂತ್ಯದ ಈ ಹುಚ್ಚು ಅವನಿಗೆ ಹಿಡಿದು ಕೆಲವು ತಿಂಗಳಾಗಿತ್ತು. ಎಲ್ಲೆಲ್ಲಿಂದಲೋ ಪುಸ್ತಕ ತರುತ್ತಿದ್ದ. ರಟ್ಟಿನ ಮೇಲೆ ಬೆಂಕಿ, ಬಾಯಿ ತೆರೆದ ಮೃಗ, ಒಳಗೆ ಬರೀ ಕೂಗಾಟ. ಓದಿದ್ದನ್ನು ಕೆಲಸಕ್ಕೆ ಹೋದ ಮನೆಗಳಲ್ಲಿ ಬಚ್ಚಲ ಬಾಗಿಲಿಗೆ ನಿಂತು ಉಪದೇಶ ಮಾಡುತ್ತಿದ್ದ. ಜನ ಪೈಪು ಸರಿಯಾದರೆ ಸಾಕು ಅಂತ ಹೂಂಗುಟ್ಟುತ್ತಿದ್ದರು. ಇವನೋ ತಾನೊಬ್ಬ ಪ್ರವಾದಿ ಅಂತ ಬೀಗುತ್ತಿದ್ದ.

ಅವನ ಬೊಗಳೆಯಿಂದ ಯಾರಿಗೂ ನಷ್ಟವಿಲ್ಲದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ತಂಗಿಯ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ತಡಮಾಡಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ರಕ್ತ ಹೋಗಿ ಹೋಗಿ ಅವಳ ಮುಖ ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇವನು ಮಾತ್ರ, "ಕರ್ತ ಕ್ರಿಸ್ತನು ಬಂದಾಗ ಹೊಸ ದೇಹವೇ ಸಿಗುತ್ತೆ. ಈಗ ಕೊಯ್ಯಿಸ್ಕೊಳ್ಳೋದು ಯಾಕೆ?" ಅಂದ. ಅವಳೋ ಗಂಡ ಹಾಕಿದ ಗೆರೆ ದಾಟದವಳು. ನನಗೆ ಮೈಯೆಲ್ಲ ಉರಿದುಹೋಯಿತು.

ಚರ್ಚಿನ ಹಿಂದಿನ ಕೋಣೆಯಲ್ಲಿರುವ ವಾಚನಾಲಯ ನೋಡಿಕೊಳ್ಳುವವಳು ನಾನು. ಪುಸ್ತಕದಿಂದ ಹಿಡಿದ ಹುಚ್ಚನ್ನು ಪುಸ್ತಕದಿಂದಲೇ ಬಿಡಿಸೋಣ ಅಂದುಕೊಂಡೆ. ಪಾದ್ರಿಗಳನ್ನು ಕೇಳಿದರೆ, "ಯಾವುದಾದ್ರೂ ಒಳ್ಳೇದು ಕೊಡಮ್ಮ" ಅಂತ ಜಾರಿಕೊಂಡರು. ಕೊನೆಗೆ ಬೀರುವಿನ ತಳದಲ್ಲಿ ಒಂದು ಸಿಕ್ಕಿತು. ನಾಲ್ವರು ಪಂಡಿತರು ಸೇರಿ ಬರೆದದ್ದು. ಲೋಕಾಂತ್ಯದ ಮಹಾಸಂಕಟಕ್ಕೆ ಮೊದಲೇ ಕ್ರಿಸ್ತ ತನ್ನವರನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುತ್ತಾನೆ ಅಂತ ಒಬ್ಬ. ಇಲ್ಲ, ಸಂಕಟವನ್ನು ಅನುಭವಿಸಿಯೇ ತೀರಬೇಕು, ಆಮೇಲೆ ಅವನು ಬಂದು ಸಾವಿರ ವರ್ಷ ಆಳುತ್ತಾನೆ ಅಂತ ಇನ್ನೊಬ್ಬ. ಲೋಕ ಸುಧಾರಿಸಿ ಒಳ್ಳೆಯ ಕಾಲ ನಡೆದ ಮೇಲಷ್ಟೇ ಬರುವುದು ಅಂತ ಮೂರನೆಯವನು. ಸಾವಿರ ಅನ್ನುವುದು ಲೆಕ್ಕವೇ ಅಲ್ಲ, ಆಳ್ವಿಕೆ ಈಗಲೇ ನಡೆಯುತ್ತಿದೆ ಅಂತ ನಾಲ್ಕನೆಯವನು. ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ಆದರೆ ಮರ್ಯಾದೆಯಿಂದ.

"ಇದರಲ್ಲಿ ಎಲ್ಲಾದ್ರೂ ಆಸ್ಪತ್ರೆಗೆ ಹೋಗಬೇಡಿ ಅಂತಿದ್ರೆ ತೋರಿಸಿ. ಇಲ್ಲದಿದ್ರೆ ನನ್ನ ತಂಗೀನ ಕರ್ಕೊಂಡು ಹೋಗಿ" ಅಂತ ಅವನ ಕೈಗೆ ತುರುಕಿದೆ. ಆಗಲಿ ಅಂದ.

ನಮ್ಮ ವಾಚನಾಲಯದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಓದಿದ್ದು ಒಪ್ಪಿಗೆಯಾದರೆ ಅಂಚಿನಲ್ಲಿ ಪೆನ್ಸಿಲಿನಿಂದ 'ಆಮೆನ್' ಅಂತ ಬರೆಯಬಹುದು, ಒಪ್ಪದಿದ್ದರೆ ಪ್ರಶ್ನೆಚಿಹ್ನೆ. ಪುಸ್ತಕ ವಾಪಸು ಬಂದಾಗ ತೆರೆದು ನೋಡಿದೆ. ಮೊದಲನೆಯವನಿಗೆ ಆಮೆನ್. ಅವನದು ತಪ್ಪು ಎಂದ ಎರಡನೆಯವನಿಗೂ ಆಮೆನ್. ಮೂರಕ್ಕೂ, ನಾಲ್ಕಕ್ಕೂ ಆಮೆನ್! ಬರೆದವರು ಬದಲಾದದ್ದೇ ಈ ಮಡ್ಡನಿಗೆ ತಿಳಿದಿರಲಿಲ್ಲ. ಒಂದು ಪ್ರಶ್ನೆಚಿಹ್ನೆ ಬೇಡವೇ ಮಾರಾಯ್ರೇ!

ಪುಸ್ತಕ ಹಿಡಿದು ನೆಟ್ಟಗೆ ಅವರ ಮನೆಗೆ ಹೋದೆ. ತಂಗಿ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಇವನು ಪಕ್ಕದಲ್ಲಿ ಕಾಫಿ ಹೀರುತ್ತಿದ್ದ.

"ಏನ್ರೀ ಇದು? ನಾಲ್ಕು ಜನ ಜಗಳ ಆಡ್ತಿದ್ರೆ ನಾಲ್ಕೂ ಜನಕ್ಕೆ ತಲೆ ಆಡಿಸಿದ್ದೀರಲ್ಲ! ನಾಚಿಕೆ ಆಗಲ್ವಾ?"

ಕಾಫಿ ಲೋಟ ಕೆಳಗಿಟ್ಟ. ಆಮೇಲೆ ನೆಲ ನೋಡುತ್ತಾ ಹೇಳಿದ: "ಎಲ್ರೂ ಅವನು ಬರ್ತಾನೆ ಅಂತಾರಲ್ಲ ಅತ್ತಿಗೆ. ಅಷ್ಟೇ ಬೇಕಾಗಿತ್ತು ನಂಗೆ. ಆಪರೇಷನ್‌ಗೆ ಮುಂಚೆ ಬಂದ್ಬಿಡ್ಲಿ ಅಂತ. ನಮ್ಮಮ್ಮ ಆಪರೇಷನ್ ಟೇಬಲ್ ಮೇಲೇ ಹೋಗ್ಬಿಟ್ರು. ಮಾಡಿಸಿದ್ರೂ ಭಯ, ಬಿಟ್ರೂ ಇವಳು ಉಳಿಯಲ್ಲ ಅಂತ ಡಾಕ್ಟರು ಹೇಳಿದ್ದು ಕಿವೀಲೇ ಇದೆ. ಇವಳು ಹೋದ್ರೆ ನನ್ನ ಹೊಟ್ಟೆಗೆ ಹಾಕೋರು ಯಾರು?"

ಅಮ್ಮನ ಮಾತು ಬಂದಾಗ ಅಯ್ಯೋ ಪಾಪ ಅನ್ನಿಸಿದ್ದು ನಿಜ. ಹೊಟ್ಟೆಯ ಮಾತು ಬರುತ್ತಲೇ ಆ ಕನಿಕರ ಇಳಿದುಹೋಯಿತು. ಬಾಯಿಗೆ ಬಂದಂತೆ ಬೈಯಬೇಕು ಅಂತ ಹೊರಟೆ. ಅಷ್ಟರಲ್ಲಿ ತಂಗಿ ಚಾಕು ಕೆಳಗಿಟ್ಟು ಗೋಡೆ ಹಿಡಿದು ಎದ್ದಳು.

"ರೀ, ನಾನು ಉಳಿಯಲ್ಲ ಅನ್ನೋದು ನಿಮಗೆ ಅರ್ಥ ಆಗಿತ್ತಾ?"

ಅವನು ಹೂಂ ಅಂತ ತಲೆ ಆಡಿಸಿದ.

"ಪಾಪ, ಡಾಕ್ಟರು ಹೇಳಿದ್ದು ನಿಮ್ಮ ತಲೆಗೆ ಹೋಗಿಲ್ಲ ಅಂದ್ಕೊಂಡು ಇಷ್ಟು ದಿನ ನಿಮ್ಮ ಮಾತು ಕೇಳ್ದೆ. ಗೊತ್ತಿದ್ದೂ ನನ್ನ ಹೀಗೇ ಕೂರಿಸಿದ್ರಲ್ಲ."

ಚಪ್ಪಲಿ ಮೆಟ್ಟಿಕೊಂಡು, ಆಸ್ಪತ್ರೆಗೆ ನಡಿ ಅಂತ ನನ್ನ ತೋಳು ಹಿಡಿದಳು. "ನಾನೂ ಬರ್ಲಾ?" ಅಂತ ಅವನು ಬಾಗಿಲವರೆಗೆ ಬಂದ.

"ಬೇಡ, ಅಕ್ಕ ಇದ್ದಾಳೆ" ಅಂದಳು.